ನಂಜಲ್ಲ, ಧೂಳು

ಕುಳಗಿಯಿಂದ ದಾಂಡೇಲಿಗೆ ಬರುವ ದಾರಿಯ ಕಾಡಿನಲ್ಲಿ ತೇಗವುಂಟು, ಬಿದಿರುಂಟು. ಈ ಸೀಮೆಯ ಕಾಡುಗಳಲ್ಲಿ ಕಾಡುಗೇರೂ ಉಂಟು. ಅದರ ಕಾಯಿಯ ರಸದಿಂದಲೇ ಹಿಂದೆ ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದರು. ಆ ರಸ ಮೈಗೆ ತಾಕಿದರೆ ಅನೇಕರಿಗೆ ಕೂಡಲೇ ಏನೂ ಆಗದು. ಸೋಮವಾರ ಬೇಲಿಯಂಚು ಸವರಿದವನ ಮುಖ ಬುಧವಾರ ಊದಿಕೊಳ್ಳುತ್ತದೆ, ಕೈಮೇಲೆ ಗುಳ್ಳೆ ಏಳುತ್ತದೆ. ಮಂಗಳವಾರ ಮನೆಯಲ್ಲಿ ಬದನೆಕಾಯಿ ಪಲ್ಯವಾಗಿದ್ದರೆ ಅಪರಾಧವೆಲ್ಲ ಬದನೆಕಾಯಿಯದು. ನಂಜಾಯಿತೆಂದು ಪಥ್ಯ ಆರಂಭ. ಗುಳ್ಳೆ ಆರಿದ ಮೇಲೆ ಮತ್ತೆ ಅದೇ ಗಿಡ, ಅದೇ ಕತ್ತಿ.

ಅಲರ್ಜಿ ಎಂಬ ಮಾತನ್ನು 1906ರಲ್ಲಿ ಹುಟ್ಟಿಸಿದವರು ವಿಯೆನ್ನಾದ ವೈದ್ಯ ಪಿರ್ಕೆ. ನಮ್ಮಲ್ಲಿ ಒಗ್ಗದಿಕೆ ಎನ್ನಬಹುದು. ಪರರಿಗೆ ಹಾನಿ ಮಾಡದ ವಸ್ತುವನ್ನು ಒಬ್ಬನ ದೇಹ ಶತ್ರುವೆಂದು ತಪ್ಪಾಗಿ ತಿಳಿದು ಅದರ ವಿರುದ್ಧ ಸಿದ್ಧವಾಗಿ ಕೂರುತ್ತದೆ. ಮುಂದಿನ ಸಲ ಅದು ಒಳಹೊಕ್ಕಾಗ ದೇಹದ ಕೆಲವು ಕಣಗಳು ಹಿಸ್ಟಮೀನ್ ಎಂಬ ದ್ರವ್ಯವನ್ನು ಚೆಲ್ಲುತ್ತವೆ. ಸೀನು, ಕಣ್ಣುರಿ, ಮೈಮೇಲೆ ದದ್ದು, ಉಬ್ಬಸ, ಇವೆಲ್ಲ ಅದರ ಫಲ. ಕಾಡುಗೇರಿನದು ಬೇರೆ ಬಗೆ, ನಿಧಾನದ್ದು. ಆದುದರಿಂದಲೇ ಅದು ಬದನೆಕಾಯಿಯ ಮೇಲೆ ತಪ್ಪು ಹೊರಿಸಿ ಪಾರಾಗುತ್ತದೆ.

ಮೆಣಸಿನಕಾಯಿ ಅಂಗಡಿಯಲ್ಲಿ ಎಲ್ಲರೂ ಸೀನುತ್ತಾರೆ. ಅದು ಖಾರದ ಘಾಟು, ಅಲರ್ಜಿಯಲ್ಲ. ಹಿಟ್ಟಿನ ಗಿರಣಿಯಲ್ಲಿ ನಾಲ್ವರಿಗೆ ಏನೂ ಆಗದೆ ಐದನೆಯವನಿಗೆ ಮಾತ್ರ ಉಬ್ಬಸ ಬಂದರೆ ಅನುಮಾನಿಸಬೇಕು. ಅಲ್ಲಿಯೇ ನಮ್ಮ ಜನ ಎಡವುವುದು. ನಾಲ್ವರಿಗಿಲ್ಲದ್ದು ನಿನಗೊಬ್ಬನಿಗೇ ಏಕೆ ಎಂದು ಮಾಲೀಕನು ಕೇಳುತ್ತಾನೆ. ತನ್ನ ಮೈಯೇ ಕೆಟ್ಟದ್ದೆಂದು ಕೆಲಸಗಾರನೂ ನಂಬುತ್ತಾನೆ. ಹತ್ತು ವರ್ಷ ತಡೆದುಕೊಂಡವನಿಗೆ ಹನ್ನೊಂದನೆಯ ವರ್ಷ ಬರಬಹುದು. ತೇಗ ಮತ್ತು ಬೀಟೆಯಲ್ಲಿ ಅಂಥ ದ್ರವ್ಯಗಳಿವೆ. ಕೊಯ್ಯುವಾಗ ಏಳುವ ನುಣುಪು ಪುಡಿ ಮೂಗಿಗೂ ಚರ್ಮಕ್ಕೂ ತಾಕುತ್ತದೆ. ಗೌಂಡಿಯ ಅಂಗೈ ಸೀಳುವುದಕ್ಕೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಕಾರಣವಾಗುವುದುಂಟು. ರಸ್ತೆಬದಿಯ ಕಾಂಗ್ರೆಸ್ ಗಿಡವಂತೂ ಮುಖ, ಕುತ್ತಿಗೆ, ಕೈಗಳನ್ನು ಕಪ್ಪಾಗಿಸಿ ದಪ್ಪಗಟ್ಟಿಸುತ್ತದೆ. (ಹೆಸರಿಟ್ಟವರು ನಾವಲ್ಲ.)

ರೋಗವನ್ನು ಗುರುತಿಸುವ ಮೊದಲ ಉಪಾಯಕ್ಕೆ ಕಾಸೂ ಖರ್ಚಿಲ್ಲ. ರಜೆಯಲ್ಲಿ ಕಡಿಮೆಯಾಗಿ, ಪಾಳಿಗೆ ಹೋದೊಡನೆ ಮತ್ತೆ ಏಳುತ್ತದೆಯೇ? ಒಂದು ತಿಂಗಳು ತಾರೀಖು ಹಾಕಿ ಬರೆದಿಡಿ. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಸೀನಿಗೆ ಅಂಗಡಿಯಲ್ಲಿ ಸಿಗುವ ಗುಳಿಗೆ ಆ ಹೊತ್ತಿಗೆ ಸುಖ ಕೊಡುತ್ತದೆ, ಧೂಳನ್ನು ತೆಗೆಯುವುದಿಲ್ಲ. ಮೂಗಿಗೆ ಕಟ್ಟುವ ಟವೆಲ್ಲೂ ನುಣುಪು ಧೂಳಿಗೆ ತಡೆಯಲ್ಲ. ಗೇರಿನ ರಸ ತಾಕಿದರೆ ತಡಮಾಡದೆ ಸಾಬೂನು ಹಚ್ಚಿ ತೊಳೆಯಬೇಕು, ಸುಣ್ಣ ಬಳಿಯಬಾರದು. ನಾಲಿಗೆ, ತುಟಿ ಊದಿ ಉಸಿರು ಸಿಕ್ಕಿಕೊಂಡರೆ ಮಾತ್ರ ಮನೆಮದ್ದೆಂದು ಕೂರದೆ ಆಸ್ಪತ್ರೆಗೆ ಓಡಬೇಕು. ಅದು ಪ್ರಾಣದ ಪ್ರಶ್ನೆ.

ಇದೆಲ್ಲ ಕೆಲಸಗಾರನ ಪಾಲು. ಮಾಲೀಕರ ಪಾಲು ಎಲ್ಲಿ? 1948ರ ಕಾರ್ಖಾನೆ ಕಾಯ್ದೆಯು ಹತ್ತಿಧೂಳಿನ ಶ್ವಾಸರೋಗವನ್ನೂ, ರಾಸಾಯನಿಕ ಮತ್ತು ಬಣ್ಣಗಳಿಂದ ಬರುವ ಚರ್ಮರೋಗವನ್ನೂ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಪಟ್ಟಿಯಲ್ಲಿ ರೋಗದ ಹೆಸರಿದ್ದು ಹಾಜರಿ ಪುಸ್ತಕದಲ್ಲಿ ರೋಗಿಯ ಹೆಸರಿಲ್ಲದಿದ್ದರೆ ಏನು ಪ್ರಯೋಜನ? ಗುತ್ತಿಗೆಯವನು ಕೆಮ್ಮಿದರೆ ಮರುದಿನ ಬೇರೊಬ್ಬ ಬರುತ್ತಾನೆ. ಈ ಭಯದಿಂದಲೇ ಕೆಮ್ಮನ್ನು ನುಂಗಿಕೊಳ್ಳುವವರು ನಮ್ಮ ನಡುವೆ ಇದ್ದಾರೆ.

ಗರಗಸದ ಬಾಯಲ್ಲೇ ಧೂಳು ಹೀರುವ ಕೊಳವೆ ಕೂರಿಸಲಿ. ಒಗ್ಗದ ವಸ್ತುವಿನಿಂದ ದೂರದ ಕೆಲಸಕ್ಕೆ ಕೂಲಿ ಕಡಿಯದೆ ಬದಲಿಸಲಿ. ಗುತ್ತಿಗೆಯವರಿಗೂ ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆಯಾಗಲಿ. ಸಂಘಗಳು ಮುಂದಿನ ಬೇಡಿಕೆಪಟ್ಟಿಯಲ್ಲಿ ಬೋನಸ್ಸಿನ ಕೆಳಗೆ ಈ ಮೂರನ್ನೂ ಬರೆಯಬೇಕು.