ಉಗ್ರಾಣದ ಲೆಕ್ಕ ಯಾರ ಕೈಯಲ್ಲಿ?

ಮಗಳ ಮದುವೆಯ ಚಿತ್ರಗಳನ್ನು ಹಿಂದೆ ಆಲ್ಬಮಿಗೆ ಅಂಟಿಸಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಇಂದು ಅವು ಎಲ್ಲಿಯೋ ಒಂದು ದೊಡ್ಡ ಗಣಕಯಂತ್ರದ ಹೊಟ್ಟೆಯಲ್ಲಿ, ಹತ್ತಾರು ಡಿಸ್ಕುಗಳ ನಡುವೆ ಇರುತ್ತವೆ. ಆಸ್ಪತ್ರೆಯ ವರದಿ, ಬ್ಯಾಂಕಿನ ಲೆಕ್ಕ, ಕಾಲೇಜಿನ ಅಂಕಪಟ್ಟಿ, ಎಲ್ಲದರ ನೆಲೆಯೂ ಅದೇ. ಡಿಸ್ಕಾದರೋ ಸವೆಯುವ ವಸ್ತು. ನಿಮಿಷಕ್ಕೆ 7,200 ಸುತ್ತು ತಿರುಗುವ ಯಂತ್ರ ಎಂದಾದರೊಂದು ದಿನ ನಿಂತೇ ನಿಲ್ಲುತ್ತದೆ. ಒಂದು ನಿಂತಾಗ ಉಳಿದವು ಅದರ ಹೊರೆಯನ್ನು ಹೊರಬೇಡವೆ?

ಇದಕ್ಕೊಂದು ದಾರಿಯನ್ನು 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ತಮ್ಮ ಪ್ರಬಂಧದಲ್ಲಿ ವಿವರಿಸಿ, ಅದನ್ನು 'ರೇಡ್' ಎಂದು ಕರೆದರು. ದುಬಾರಿಯ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವುದೇ ಅದರ ಮರ್ಮ. ಮೂರು ಡಿಸ್ಕುಗಳಲ್ಲಿ 4, 7, 5 ಎಂಬ ಅಂಕಿಗಳಿವೆ ಎನ್ನೋಣ. ನಾಲ್ಕನೆಯದರಲ್ಲಿ ಅವುಗಳ ಮೊತ್ತ 16 ಇರಲಿ. 7 ಇದ್ದ ಡಿಸ್ಕು ಕೆಟ್ಟರೆ, 16ರಿಂದ ಉಳಿದ 9ನ್ನು ಕಳೆದೊಡನೆ ಹೋದದ್ದು ಮರಳಿ ಬಂದಿತು! ಯಂತ್ರದೊಳಗೆ ನಡೆಯುವುದು ಸೊನ್ನೆ-ಒಂದುಗಳ ಸಮ-ಬೆಸ ಲೆಕ್ಕ; ತತ್ತ್ವ ಮಾತ್ರ ಇದೇ.

ಈ ಲೆಕ್ಕವನ್ನು ಇಡುವವರು ಯಾರೆಂಬುದೇ ಈಗಿನ ಪ್ರಶ್ನೆ. ಅದಕ್ಕೆಂದೇ ಬೇರೊಂದು ಕಾರ್ಡನ್ನು ನೇಮಿಸುವುದು ಒಂದು ಕ್ರಮ. ಇದು ಹಾರ್ಡ್‌ವೇರ್ ರೇಡ್. ಯಂತ್ರದ ಮೂಲ ತಂತ್ರಾಂಶಕ್ಕೇ ಆ ಕೆಲಸವನ್ನು ವಹಿಸುವುದು ಇನ್ನೊಂದು. ಇದು ಸಾಫ್ಟ್‌ವೇರ್ ರೇಡ್.

ಕಾರ್ಡಿನಲ್ಲಿ ಅದರದೇ ಆದ ಗಣನಾಂಗವೂ ಸ್ಮೃತಿಯೂ ಉಂಟು. ಉತ್ತಮ ಕಾರ್ಡುಗಳಲ್ಲಿ ಆ ಸ್ಮೃತಿಗೆ ಬ್ಯಾಟರಿಯ ಆಸರೆಯೂ ಇರುತ್ತದೆ. ಅಂಕಿಯನ್ನು ಬರೆದು ಮೊತ್ತವನ್ನು ಬರೆಯುವಷ್ಟರಲ್ಲಿ ವಿದ್ಯುತ್ತು ಹೋದರೆ ಲೆಕ್ಕ ತಪ್ಪುವುದಷ್ಟೆ. ಆ ಗಳಿಗೆಯಲ್ಲಿ ಬ್ಯಾಟರಿ ಕಾಯುತ್ತದೆ. ಆದರೆ ಕಾರ್ಡೇ ಕೆಟ್ಟರೆ? ಡಿಸ್ಕುಗಳೆಲ್ಲ ಸರಿಯಾಗಿದ್ದರೂ ಅವುಗಳ ಜೋಡಣೆಯ ವಿವರ ಸಾಮಾನ್ಯವಾಗಿ ಆ ತಯಾರಕರ ಪದ್ಧತಿಯಲ್ಲಿಯೇ ಇರುತ್ತದೆ. ಅದೇ ಕುಲದ ಇನ್ನೊಂದು ಕಾರ್ಡು ಸಿಗುವವರೆಗೆ ಉಗ್ರಾಣದ ಬಾಗಿಲು ತೆರೆಯದು.

ಸಾಫ್ಟ್‌ವೇರಿಗೆ ಈ ಕಟ್ಟು ಇಲ್ಲ. ಲಿನಕ್ಸ್ ಕಟ್ಟಿದ ಜೋಡಣೆಯನ್ನು ಬಿಚ್ಚಿ, ಲಿನಕ್ಸ್ ಇರುವ ಮತ್ತೊಂದು ಯಂತ್ರಕ್ಕೆ ಡಿಸ್ಕುಗಳನ್ನು ಸಾಗಿಸಿ, ಅಲ್ಲಿ ಪುನಃ ಕೂಡಿಸಬಹುದು. ಈ ಲೆಕ್ಕ ಯಂತ್ರಕ್ಕೆ ಭಾರವೆಂಬ ಆಕ್ಷೇಪಣೆ ಹಿಂದೆ ನಿಜವಾಗಿತ್ತು. ಇಂದಿನ ಗಣನಾಂಗಗಳಿಗೆ ಅದು ಹೊರೆಯೇ ಅಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 2005ರಲ್ಲಿ ಮುಕ್ತವಾಗಿ ಹೊರತಂದ ಜೆಡ್.ಎಫ್.ಎಸ್. ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಪ್ರತಿಯೊಂದು ತುಣುಕಿಗೂ ತಾಳೆ-ಸಂಖ್ಯೆಯನ್ನು ಇಡುತ್ತದೆ. ಡಿಸ್ಕು ಸದ್ದಿಲ್ಲದೆ ತಪ್ಪು ಹೇಳಿದರೆ ಪತ್ತೆ ಹಚ್ಚಿ, ಉಳಿದವುಗಳ ನೆರವಿನಿಂದ ತಿದ್ದುತ್ತದೆ. ಹಳೆಯದರ ಮೇಲೆ ಹೊಸದನ್ನು ಬರೆಯದೆ ಬೇರೆಡೆ ಬರೆಯುವುದರಿಂದ, ವಿದ್ಯುತ್ತು ಹೋದರೂ ಲೆಕ್ಕ ಕೆಡದು. ಆದರೆ ಅದಕ್ಕೆ ಡಿಸ್ಕುಗಳು ನೇರವಾಗಿ ಕಾಣಬೇಕು. ನಡುವೆ ರೇಡ್ ಕಾರ್ಡು ನಿಂತು ಮರೆಮಾಡಬಾರದು.

ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ 2009ರಲ್ಲಿ ತನ್ನ ಪೆಟ್ಟಿಗೆಯ ರಚನೆಯನ್ನು ಬಹಿರಂಗಪಡಿಸಿತು. ಅದರಲ್ಲಿ ಒಂದೂವರೆ ಟೆರಾಬೈಟಿನ 45 ಡಿಸ್ಕುಗಳು. ಹದಿನೈದರ ಮೂರು ಗುಂಪು. ಗುಂಪಿನಲ್ಲಿ ಎರಡು ಕೆಟ್ಟರೂ ನಷ್ಟವಿಲ್ಲ. ಲೆಕ್ಕವಿಟ್ಟದ್ದು ಕಾರ್ಡಲ್ಲ, ಲಿನಕ್ಸ್.

ಎರಡರ ಆಸರೆ ಏಕೆಂದರೆ, 20 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 250 ಮೆಗಾಬೈಟಿನಂತೆ ತುಂಬಿದರೂ 22 ಗಂಟೆ ಹಿಡಿಯುತ್ತದೆ. ಆ ಅವಧಿಯಲ್ಲಿ ಇನ್ನೊಂದು ಕೈಕೊಟ್ಟರೆ?

ಹಾಗಾದರೆ ಕಾರ್ಡು ನಿರುಪಯೋಗಿಯೆ? ಅಲ್ಲ. ಲಿನಕ್ಸ್ ಬಲ್ಲವರಿಲ್ಲದ ಕಚೇರಿಯಲ್ಲಿ, ಕೆಂಪು ದೀಪ ಹತ್ತಿದ ಡಿಸ್ಕನ್ನು ಎಳೆದು ಹೊಸದನ್ನು ತಳ್ಳುವಷ್ಟೇ ಕೆಲಸವಿರಬೇಕಾದಲ್ಲಿ ಅದು ಒಳ್ಳೆಯ ಆಳು. ಜೊತೆಗೊಂದು ಬದಲಿ ಕಾರ್ಡು ಕಪಾಟಿನಲ್ಲಿರಬೇಕು. ಬಹುಸಂಖ್ಯೆಯ ಡಿಸ್ಕುಗಳ ದೊಡ್ಡ ಉಗ್ರಾಣಕ್ಕೆ, ಬಲ್ಲವರು ಇರುವಲ್ಲಿ, ಸಾಫ್ಟ್‌ವೇರೇ ಮೇಲು. ಕೊಳ್ಳುವ ದಿನದ ವೇಗವನ್ನಲ್ಲ, ಕೆಡುವ ದಿನದ ಪಾಡನ್ನು ನೆನೆದು ಆರಿಸುವುದು ವಿವೇಕ.

ಒಂದು ಮಾತನ್ನು ಮಾತ್ರ ಮರೆಯಲಾಗದು. ಬೆಂಕಿ ಬಿದ್ದರೆ, ಕಳ್ಳತನವಾದರೆ, ಯಾರೋ ಕೈತಪ್ಪಿ ಅಳಿಸಿದರೆ ಎರಡು ಬಗೆಯ ರೇಡೂ ಒಂದೇ ಸಮನೆ ನಿಸ್ಸಹಾಯಕ. ಮದುವೆಯ ಚಿತ್ರಗಳ ಇನ್ನೊಂದು ಪ್ರತಿ ಬೇರೊಂದು ಊರಿನಲ್ಲಿರಲಿ.