ಪಿಶಾಚಿಯ ತಲೆಗೆ ಕಟ್ಟಬೇಡಿ



ತರೀಕೆರೆ ಸೀಮೆಯ ಹೆಬ್ಬೆಯ ಕಡೆ ಕಾಫಿ ತೋಟದ ಮನೆಯೊಂದನ್ನು ಆಶೀರ್ವದಿಸಲು ಹೋಗಿದ್ದೆ. ಜಗಲಿಯ ಮೇಲೆ ಅಂದಿನ ಪತ್ರಿಕೆಯಿತ್ತು. ಪುಟ್ಟ ಬಾಲೆಯೊಬ್ಬಳ ಮೇಲಿನ ಅತ್ಯಾಚಾರದ ಸುದ್ದಿಗೆ 'ಪೈಶಾಚಿಕ ಕೃತ್ಯ' ಎಂಬ ತಲೆಬರಹ. "ಮನುಷ್ಯರಾದವರು ಮಾಡುವ ಕೆಲಸವೇ ಇದು? ಪಿಶಾಚಿಯೇ ಸರಿ" ಎಂದರು ಮನೆಯ ಯಜಮಾನರು. ಕಾಫಿ ತಂದ ಅವರ ವೃದ್ಧ ತಾಯಿ, "ಫಾದರ್, ಅವನು ಆ ಮಗೂಗೆ ಸೋದರಮಾವ ಆಗಬೇಕಂತೆ" ಎಂದರು. ಜಗಲಿಯಲ್ಲಿ ಮಾತು ನಿಂತಿತು.

ಆ ತಲೆಬರಹದ ಬಗ್ಗೆ ನನ್ನ ತಕರಾರಿದೆ. 'ಪೈಶಾಚಿಕ' ಎಂದೊಡನೆ ಅಪರಾಧವು ಮನುಷ್ಯಕುಲದ ಹೊರಕ್ಕೆ ಹೋಗಿಬಿಡುತ್ತದೆ. ನೆಂಟರು, ನೆರೆಯವರು, ನಾವು ಎಲ್ಲರೂ ನಿರಾಳ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಗಳ ಪ್ರಕಾರ ನೂರಕ್ಕೆ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ನೊಂದವಳಿಗೆ ಪರಿಚಿತನೇ.

ಮನುಸ್ಮೃತಿಯು ಎಂಟು ಬಗೆಯ ವಿವಾಹಗಳಲ್ಲಿ ಅತ್ಯಂತ ಪಾಪಿಷ್ಠವಾದುದನ್ನು 'ಪೈಶಾಚ' ಎಂದಿತು: ನಿದ್ರಿಸುತ್ತಿರುವ, ಅಮಲೇರಿದ ಇಲ್ಲವೆ ಬುದ್ಧಿ ಸ್ವಾಧೀನದಲ್ಲಿಲ್ಲದ ಹೆಣ್ಣನ್ನು ಗುಟ್ಟಾಗಿ ಕೆಡಿಸುವುದು. (ಅದನ್ನೂ ವಿವಾಹದ ಪಟ್ಟಿಗೆ ಸೇರಿಸಿದ್ದು ಎಂಥ ಔದಾರ್ಯವೋ!) ಆದರೂ ಅಲ್ಲಿ ಕೆಡಿಸಿದವನು ಗಂಡಸು, ಪಿಶಾಚಿಯಲ್ಲ.

ನಮ್ಮ ಪವಿತ್ರ ಗ್ರಂಥವು ಇನ್ನೂ ಹತ್ತಿರಕ್ಕೆ ಬರುತ್ತದೆ. ಹೀಬ್ರೂ ಭಾಷೆಯ 'ಸಾತಾನ್' ಎಂದರೆ ಎದುರಾಳಿ, ಆಪಾದಿಸುವವನು. ಗ್ರೀಕಿನ 'ದಿಯಾಬೊಲೊಸ್' ಎಂದರೆ ಚಾಡಿಕೋರ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದಲ್ಲಿ (3:11) ಸ್ತ್ರೀಯರು ಚಾಡಿಕೋರರಾಗಬಾರದು ಎನ್ನುವಲ್ಲಿ ಇರುವುದು ಇದೇ ಪದ. ಗಂಡಸರು ಬೀಗಬೇಕಾಗಿಲ್ಲ, ಎರಡನೆಯ ಪತ್ರದಲ್ಲಿ (3:3) ಅದು ಎಲ್ಲರಿಗೂ ಅನ್ವಯಿಸಿದೆ. ಯೇಸುಸ್ವಾಮಿ ಸೈತಾನನೆಂದು ಗದರಿದ್ದು ಕೂಡ ತಮ್ಮ ಪೇತ್ರನನ್ನೇ (ಮತ್ತಾಯ 16:23).

ಸೈತಾನನಿದ್ದಾನೆಂಬುದು ಧರ್ಮಸಭೆಯ ಬೋಧನೆ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಅವನು ನಮ್ಮನ್ನು ಶೋಧನೆಗೆ ಒಡ್ಡಬಲ್ಲ, ಒಪ್ಪಿಗೆ ಕೊಡುವವರು ನಾವು. 2019ರ ಫೆಬ್ರವರಿಯಲ್ಲಿ, ಮಕ್ಕಳ ರಕ್ಷಣೆಯ ಕುರಿತು ವ್ಯಾಟಿಕನ್‌ನಲ್ಲಿ ನಡೆದ ಸಭೆಯ ಕೊನೆಯಲ್ಲಿ, ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಗುರುಗಳನ್ನು ವಿಶ್ವಗುರು ಫ್ರಾನ್ಸಿಸರು ಸೈತಾನನ ಉಪಕರಣಗಳೆಂದರು. ನೊಂದವರಲ್ಲಿ ಕೆಲವರಿಗೆ ಆ ಮಾತು ಸಮಾಧಾನ ತರಲಿಲ್ಲ. ಹೇಗೆ ತಂದೀತು? ಆ ಉಪಕರಣಗಳನ್ನು ಊರಿಂದೂರಿಗೆ ವರ್ಗ ಮಾಡಿದವರು ಸೈತಾನರಲ್ಲವಲ್ಲ! ಹೀಗೆ ಬರೆಯಲು ಗುರುವಾದ ನನಗೆ ನಾಚಿಕೆಯಾಗುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ, ಇಂಥದ್ದು ತಿಳಿದುಬಂದರೆ ಗುರುಗಳೂ ಧಾರ್ಮಿಕ ಸಹೋದರ ಸಹೋದರಿಯರೂ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕೆಂಬ ನಿಯಮವನ್ನು ವಿಶ್ವಗುರುಗಳು ತಂದರು. ನೊಂದವರಿಗೆ ಬೇಕಿದ್ದುದು ಅದು.

ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯೂ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ಆದರೆ ಧರ್ಮಕೇಂದ್ರಗಳಲ್ಲಿ ಕೇಳಿಬರುವುದೇನು? "ಅವನು ಅಂಥವನಲ್ಲ, ತಪ್ಪದೆ ಪೂಜೆಗೆ ಬರುತ್ತಾನೆ. ಯಾವುದೋ ದುಷ್ಟಾತ್ಮದ ಕಾಟ. ಫಾದರ್, ಮನೆಗೆ ಬಂದು ಪವಿತ್ರ ತೀರ್ಥ ಪ್ರೋಕ್ಷಿಸಿ."

ಖಂಡಿತ ಬರುತ್ತೇನೆ. ಅದಕ್ಕೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿರಿ.