ದೇವರು ವರ ಕೊಟ್ಟರೂ ಪೂಜಾರಿ ಕೊಡ!

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಮೇಲಿನ ತೆರಿಗೆ ಇಳಿದಾಗ ಎಷ್ಟೋ ಮನೆಗಳಲ್ಲಿ ‘ಈ ಸಲವಾದ್ರೂ ಕಾರು ತಗೊಳ್ಳೋಣ್ವಾ?’ ಎಂಬ ಮಾತು ಎದ್ದಿತು. ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿ.ಸಿ.ವರೆಗಿನ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29ರಷ್ಟಿದ್ದ ತೆರಿಗೆ ಶೇ 18ಕ್ಕೆ ಬಂತು. ನಮ್ಮನೆಯಲ್ಲೂ ಚೀಟಿ ದುಡ್ಡು ಕೈಗೆ ಬಂದಿತ್ತು. ಸರಿ, ಶೋರೂಮಿಗೆ ಹೋದೆವು.

ಅಲ್ಲಿ ಕೊಟ್ಟ ಕೊಟೇಶನ್ ನೋಡಿದರೆ, ಪೇಪರಿನಲ್ಲಿ ಓದಿದ ಬೆಲೆಗೂ ಕಟ್ಟಬೇಕಾದ ಮೊತ್ತಕ್ಕೂ ಅಜಗಜಾಂತರ. ‘ಎಲ್ರೂ ಕೊಡ್ತಾರೆ ಬಿಡು’ ಎಂದು ನಮ್ಮ ಯಜಮಾನರು ಪೆನ್ನು ತೆಗೆದೇಬಿಟ್ಟರು. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಲಕ್ಷದ ವ್ಯವಹಾರದಲ್ಲಿ ಸುಮ್ಮನಿರುವುದು ಯಾವ ನ್ಯಾಯ? ಕೊಟೇಶನ್ ಮನೆಗೆ ತಂದು ಒಂದೊಂದೇ ಸಾಲು ಓದಿದೆ.

ಮೊದಲನೆಯದು, ಸರ್ಕಾರಕ್ಕೆ ಹೋಗುವ ದುಡ್ಡು. ಆಜೀವ ತೆರಿಗೆ, ನೋಂದಣಿ ಶುಲ್ಕ ಇದರಲ್ಲಿ ಸೇರುತ್ತವೆ. ಕರ್ನಾಟಕದಲ್ಲಿ ಕಾರಿನ ಬೆಲೆ ಏರಿದಂತೆ ತೆರಿಗೆಯ ದರವೂ ಏರುತ್ತದೆ. ಇಲ್ಲಿ ಚೌಕಾಸಿ ನಡೆಯದು, ರಸೀದಿ ಮಾತ್ರ ಕೇಳಿ ಪಡೆಯಿರಿ. ಬೆಲೆ 10 ಲಕ್ಷ ದಾಟಿದರೆ ಶೇ 1ರಷ್ಟು ಟಿಸಿಎಸ್ ಕೂಡ ಹಿಡಿಯುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ. ಕಾರು ಯಾರ ಹೆಸರಿನಲ್ಲಿದೆಯೋ ಅವರ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ನಿಮ್ಮ ಹೆಸರಿನಲ್ಲಿದ್ದರೆ ನೀವೇ ರಿಟರ್ನ್ ಸಲ್ಲಿಸಬೇಕು, ಮರೆಯಬೇಡಿ.

ಎರಡನೆಯದು ವಿಮೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ. ನಮ್ಮ ಕಾರಿನ ಹಾನಿಗೆ ಮಾಡಿಸುವ ವಿಮೆ ಒಂದು ವರ್ಷದ್ದಾದರೂ ನಡೆಯುತ್ತದೆ. ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮ ಇಲ್ಲವೇ ಇಲ್ಲ. ಅವರು ಹೇಳಿದ್ದು 43,000, ಅದೇ ಸೌಲಭ್ಯಗಳಿಗೆ ಹೊರಗೆ ಸಿಕ್ಕಿದ್ದು 32,000!

ಇನ್ನು ಆಡ್-ಆನ್‌ಗಳು. ‘ಜೀರೋ ಡೆಪ್ರಿಸಿಯೇಶನ್’ ಹೊಸ ಕಾರಿಗೆ ಉಪಯೋಗಕ್ಕೆ ಬರುತ್ತದೆ. ಅದಿಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧ ನಮ್ಮ ತಲೆಗೇ. ಮಳೆ ಬಂದರೆ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆಯೇ? ಹಾಗಾದರೆ ಎಂಜಿನ್ ಪ್ರೊಟೆಕ್ಟ್ ಬೇಕು. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಮೊದಲೇ ಇದ್ದರೆ ಮತ್ತೆ ಕೊಳ್ಳುವುದು ದಂಡ. ಮಾಲೀಕರಿಗೆ ಡ್ರೈವಿಂಗ್ ಲೈಸೆನ್ಸೇ ಇಲ್ಲದಿದ್ದರೂ ಅದು ಅನ್ವಯಿಸದು.

ಮೂರನೆಯದೇ ಪೂಜಾರಿಯ ಪಾಲು. ‘ಹ್ಯಾಂಡ್ಲಿಂಗ್ ಚಾರ್ಜ್’ 6,500, ‘ಬೇಸಿಕ್ ಕಿಟ್’ 18,000, ಟೆಫ್ಲಾನ್ ಕೋಟಿಂಗ್ 7,000. ‘ಯಾತಕ್ಕೆ ಸಾರ್ ಈ ಹ್ಯಾಂಡ್ಲಿಂಗ್?’ ಅಂದೆ. ‘ಎಲ್ಲರಿಗೂ ಹಾಕ್ತೀವಿ ಮೇಡಂ’ ಅನ್ನುವುದಷ್ಟೇ ಉತ್ತರ. ಕಿಟ್ ಕೊಂಡರೇ ಕಾರು ಎನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಇದನ್ನು ಬರವಣಿಗೆಯಲ್ಲಿ ಕೊಡಿ ಎಂದಾಗ ಮ್ಯಾನೇಜರ್ ಹೊರಬಂದರು. ಹ್ಯಾಂಡ್ಲಿಂಗ್, ಕೋಟಿಂಗ್ ಎರಡೂ ಹೋದವು. ಮ್ಯಾಟು, ಮಡ್ ಫ್ಲಾಪ್ ಮಾತ್ರ 4,000ಕ್ಕೆ ಉಳಿದವು. ಡೆಲಿವರಿ ಒಂದು ವಾರ ತಡವಾಯಿತು, ನಿಜ. ಆದರೆ ವಿಮೆಯೂ ಸೇರಿ ಉಳಿದದ್ದು 38,500 ರೂಪಾಯಿ. ಮಗಳ ಒಂದು ಟರ್ಮ್ ಫೀಸು!

ಗೆಳತಿಯರೇ, ಇಷ್ಟು ನೆನಪಿರಲಿ:

* ಅಡ್ವಾನ್ಸ್ ಕೊಡುವ ಮುನ್ನವೇ ಪ್ರತಿ ಬಾಬ್ತನ್ನೂ ಬಿಡಿಸಿ ಬರೆದ ಕೊಟೇಶನ್ ಪಡೆಯಿರಿ.
* ಕನಿಷ್ಠ ಎರಡು ಶೋರೂಮ್, ಎರಡು ವಿಮಾ ಕಂಪನಿಗಳ ದರ ಹೋಲಿಸಿ.
* ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಕಂಡ ಕಂಡ ಸೀಟ್ ಕವರ್ ಹಾಕಿಸಬೇಡಿ. ಏರ್‌ಬ್ಯಾಗ್ ತೆರೆಯಲು ಅಡ್ಡಿಯಾದೀತು.
* ಬಲವಂತ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕಾರು ಓಡಿಸುವುದು ಯಾರೇ ಆಗಲಿ, ಮನೆಯ ಲೆಕ್ಕ ಬರೆಯುವವರು ನಾವು ತಾನೇ? ಸಹಿ ಹಾಕುವ ಮೊದಲು ಆ ಕಾಗದ ಒಮ್ಮೆ ನಮ್ಮ ಕೈಗೂ ಬರಲಿ.